ಮ್ಯಾಗ್ನೆಟೋ ಬಿಚ್ಚಿದವರು

ಶಾಗ್ಯ
4–5–1959

ಚಿರಂಜೀವಿ ವೃಷಭೇಂದ್ರಪ್ಪನಿಗೆ ಅಕ್ಕ ಚನ್ನಾಜಮ್ಮನ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ಕೆಟ್ಟು ಕೂತಿರುವುದು ಟ್ರಾಕ್ಟರ್ ಒಂದೇ. ಅದಕ್ಕೇ ಈ ಕಾಗದ.

ನಿನ್ನ ಭಾವ ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆಯೊಬ್ಬರಿಂದ ಅದನ್ನು ಕೊಂಡು, ಯಳಂದೂರಿನ ಮೇಲೆ ಓಡಿಸಿಕೊಂಡು ಬಂದಾಗ ನೀನೂ ನೋಡಿದ್ದೆಯಲ್ಲ. ಆಗಲೇ ಇಪ್ಪತ್ತು ವರ್ಷದ ಹಳೆಯ ಗಾಡಿ. ಬ್ಯಾಟರಿ ಇಲ್ಲ. ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬೇಕು, ಪೆಟ್ರೋಲಿನಲ್ಲಿ ಹತ್ತಿಕೊಂಡ ಮೇಲೆ ಸೀಮೆಎಣ್ಣೆಗೆ ಬಿಡಬೇಕು. ಒಂದು ವಾರದಿಂದ ಅದು ಹತ್ತುತ್ತಲೇ ಇಲ್ಲ. ಇಪ್ಪತ್ತು ಸಲ ತಿರುಗಿಸಿದರೆ ಒಂದು ಸಲ ಕೆಮ್ಮುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಸುಮ್ಮನಾಗುತ್ತದೆ. ಡ್ರೈವರ್ ಪುಟ್ಟಮಾದಯ್ಯ ಪೆಟ್ರೋಲ್ ಪೈಪು ಊದಿ ನೋಡಿದ, ಪ್ಲಗ್ಗು ಉಜ್ಜಿದ. ಪೆಟ್ರೋಲ್ ಬರುತ್ತಿದೆಯಂತೆ. ಕಿಡಿ ಸಾಲದು ಎನ್ನುತ್ತಾನೆ.

ಮಳೆ ಎರಡು ಹದ ಬಿದ್ದಿದೆ. ಊರವರ ಹೊಲದಲ್ಲೆಲ್ಲ ಆರು ಕಟ್ಟಿ ಉಳುತ್ತಿದ್ದಾರೆ, ನಮ್ಮದು ಹಾಗೇ ಇದೆ. ಟ್ರಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದಕ್ಕೆ ಜನ ಮೊದಲೇ ನಗುತ್ತಿದ್ದರು. ಈ ಅವಮಾನವನ್ನೆಲ್ಲ ನಿನ್ನ ಭಾವ ಪುಟ್ಟಮಾದಯ್ಯನ ಮೇಲೆ ತೀರಿಸುತ್ತಿದ್ದಾರೆ. ನಿನ್ನೆ ಹತ್ತು ಜನರ ಮುಂದೆ, "ಹದಿನೆಂಟ್ನೇ ತಾರೀಕ್ ಸೋಮಾರದೊಳಗೆ ಹತ್ಸುನಿಲ್ಲಾ ಅಂದ್ರೆ ನಿನ್ನೂ ಓಡುಸ್ತೀನಿ, ಇದ್ನೂ ಗುಜರಿಗೆ ಆಕ್ತೀನಿ ಕಣ್ಲಾ" ಎಂದು ಕೈ ಎತ್ತಿದರು. ಅವನು ತಲೆ ತಗ್ಗಿಸಿ ನಿಂತಿದ್ದ.

ಹೊಸಪೇಟೆಯ ವರ್ಕ್‌ಷಾಪಿನಲ್ಲಿ ದಿನಾ ಇಂಥವನ್ನೇ ಬಿಚ್ಚುವವನು ನೀನು. ಏನು ಮಾಡಬೇಕೆಂದು ಬಿಡಿಸಿ ಬರೆ. ನಿನ್ನ ಭಾವ ತಾವಾಗಿ ಕೇಳುವವರಲ್ಲ. ನಾನು ಬರೆದದ್ದೂ ಅವರಿಗೆ ಗೊತ್ತಿಲ್ಲ.

ನಿನ್ನ ಅಕ್ಕ
ಚನ್ನಾಜಮ್ಮ


ಹೊಸಪೇಟೆ
9–5–1959

ಅಕ್ಕನಿಗೆ ನಮಸ್ಕಾರ.

ಪುಟ್ಟಮಾದಯ್ಯ ಹೇಳಿದ್ದು ಸರಿ. ಮೊದಲು ಒಂದು ಪ್ಲಗ್ಗಿನ ವೈರು ಕಿತ್ತು, ಅದರ ತುದಿಯನ್ನು ಒಣ ಕಡ್ಡಿಯಲ್ಲಿ ಹಿಡಿದು, ಎಂಜಿನ್ನಿನ ಕಬ್ಬಿಣಕ್ಕೆ ಒಂದು ಗೋಧಿಕಾಳಿನಷ್ಟು ದೂರ ಇಟ್ಟು, ಇನ್ನೊಬ್ಬರಿಂದ ಹ್ಯಾಂಡಲ್ ತಿರುಗಿಸಿ ನೋಡಲಿ. ನೀಲಿ ಕಿಡಿ ಚಟ್ಟನೆ ಹಾರಬೇಕು. ಕೆಂಪಗೆ ಸಣ್ಣಗೆ ಬಂದರೆ ಮ್ಯಾಗ್ನೆಟೋ ಒಳಗಿನ ಪಾಯಿಂಟು ಕರಿ ಹಿಡಿದಿದೆ ಎಂದರ್ಥ. ಕಿಡಿ ಹುಟ್ಟಿಸುವ ಪೆಟ್ಟಿಗೆಯೇ ಆ ಮ್ಯಾಗ್ನೆಟೋ. ಎಂಜಿನ್ನಿನ ಮಗ್ಗುಲಲ್ಲಿ ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಗಾಡಿಯ ಮೇಲಿದ್ದಂತೆ ಉಜ್ಜಲು ಕೈ ಹೋಗುವುದಿಲ್ಲ. ಎರಡು ಬೋಲ್ಟು ಬಿಚ್ಚಿ ಹೊರಗೆ ತೆಗೆದು, ಮುಚ್ಚಳ ಕಳಚಿ, ಪಾಯಿಂಟು ಎನ್ನುವ, ಎದುರುಬದುರಾಗಿರುವ ಎರಡು ಚುಕ್ಕೆಗಳನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಬಟ್ಟೆಯಿಂದ ಒರೆಸಿ, ಅವು ಪೂರ್ತಿ ಅಗಲಿದಾಗ ನಡುವೆ ಒಂದು ಪೋಸ್ಟ್ ಕಾರ್ಡ್ ನುಸುಳುವಷ್ಟು ಸಂದು ಬಿಡಬೇಕು. ಆಮೇಲೆ ಹಾಗೇ ತಂದು ಕೂರಿಸಿ ಬಿಗಿಯುವುದು.

ಇದನ್ನು ಪುಟ್ಟಮಾದಯ್ಯನಿಗೆ ಓದಿ ಹೇಳು. ಎರಡು ಗಂಟೆಯ ಕೆಲಸ. ನೀನು ಗಾಬರಿಯಾಗುವಂಥದ್ದು ಏನೂ ಇಲ್ಲ.

ಪಾಳಿಯ ಕೂಗು ಆಯಿತು. ಉಳಿದದ್ದು ಇನ್ನೊಮ್ಮೆ.

ವೃಷಭೇಂದ್ರ


ಶಾಗ್ಯ
20–5–1959

ವೃಷಭೇಂದ್ರ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೊನ್ನೆ ಸೋಮವಾರ ಬೆಳಿಗ್ಗೆ ನಿನ್ನ ಭಾವನಿಗೆ ದೊಡ್ಡ ಪೆಟ್ಟಾಗಿದೆ.

ಪುಟ್ಟಮಾದಯ್ಯ ಹ್ಯಾಂಡಲ್‌ಗೆ ಕೈ ಹಾಕಿದ್ದ. "ನಿನ್ ಕೈಲಿ ಆಗಕಿಲ್ಲ, ತಗಿ" ಎಂದು ಅವನನ್ನು ತಳ್ಳಿ ಇವರೇ ಹಿಡಿದರು. ಎರಡು ಸುತ್ತು ಸುಮ್ಮನಿತ್ತು. ಮೂರನೆಯದಕ್ಕೆ ಸಿಡಿಮದ್ದು ಹಾರಿದ ಹಾಗೆ ಸದ್ದು. ಹ್ಯಾಂಡಲ್ ಹಿಂದಕ್ಕೆ ಹೊಡೆದು, ಕೈಯಿಂದ ಕಿತ್ತುಕೊಂಡು ದವಡೆಗೆ ಬಡಿಯಿತು. ನಾನು ಓಡಿ ಬರುವಷ್ಟರಲ್ಲಿ ಇವರು ನೆಲದಲ್ಲಿದ್ದರು, ಬಲಗೈ ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈಯಂತೆ ಮಡಚಿಕೊಂಡಿತ್ತು. ಬಾಯಿಂದ ರಕ್ತ. ಕೂಗಲೂ ಆಗುತ್ತಿರಲಿಲ್ಲ.

ಗಾಡಿ ಕಟ್ಟಿ ಹನೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸಿದರು. ಕೈ ಎರಡು ಕಡೆ ಮುರಿದಿದೆ, ದವಡೆ ಬಿರಿದಿದೆ. ಧನುರ್ವಾಯು ಏರದಂತೆ ಸೂಜಿ ಹಾಕಿದ್ದಾರೆ, ಹತ್ತು ದಿನ ನೋಡಬೇಕೆಂದಿದ್ದಾರೆ. ಇವರ ಅಣ್ಣ, ನನ್ನ ದೊಡ್ಡಭಾವ ದೊಡ್ಡಮಾದಪ್ಪನವರು ಆಸ್ಪತ್ರೆಗೂ ಊರಿಗೂ ಓಡಾಡುತ್ತಾ ಮನೆಯ ಯಜಮಾನಿಕೆ ನೋಡುತ್ತಿದ್ದಾರೆ.

ನಿನ್ನ ಕಾಗದ ಹದಿನಾಲ್ಕಕ್ಕೇ ಬಂತು. ನೀನು ಬರೆದಂತೆಯೇ ಮ್ಯಾಗ್ನೆಟೋ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಲಾಯಿತು. ಕಿಡಿ ನೀಲಿಯಾಗಿತ್ತು. ಮತ್ತೆ ಯಾಕೆ ಹೀಗಾಯಿತು? ಹಳೆಯ ಗಾಡಿ ತಾನಾಗಿ ಹೀಗೆ ಒದೆಯುವುದುಂಟೇ? ಉಂಟು ಎನ್ನುವುದಾದರೆ ಬೇಗ ಬರೆ.

ಚನ್ನಾಜ


ಹೊಸಪೇಟೆ
25–5–1959

ಅಕ್ಕಾ,

ಕಾಗದ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟೆ. ಇಲ್ಲಿ ಹೀಗೇ ಹ್ಯಾಂಡಲ್ ಹೊಡೆದು ಒಬ್ಬ ಸತ್ತದ್ದನ್ನು ನೋಡಿದ್ದೇನೆ. ಭಾವ ಉಳಿದದ್ದು ಪುಣ್ಯ.

ಕೇಳಿದ್ದಕ್ಕೆ ಉತ್ತರ. ತಾನಾಗಿ ಹೀಗಾಗುವುದಿಲ್ಲ. ಆ ಎರಡು ಬೋಲ್ಟು ಕೂರುವ ತೂತುಗಳು ಗುಂಡಗಿಲ್ಲ, ಹುಣಿಸೆ ಬೀಜದಂತೆ ಉದ್ದಕ್ಕಿವೆ. ಅದರಿಂದ ಮ್ಯಾಗ್ನೆಟೋವನ್ನು ಅತ್ತಿತ್ತ ಸ್ವಲ್ಪ ತಿರುಗಿಸಬಹುದು. ಹಿಂದೆ ಎಲ್ಲಿತ್ತೋ ಅಲ್ಲೇ ಕೂತರೆ ಕಿಡಿ ಸರಿಯಾದ ಗಳಿಗೆಗೆ ಹಾರುತ್ತದೆ. ಒಂದು ಕೊನೆಗೆ ತಿರುಗಿಸಿ ಬಿಗಿದರೆ ಕಿಡಿ ಮೊದಲೇ ಹಾರಿ, ಎಂಜಿನ್ನು ಹಿಮ್ಮುಖ ತಿರುಗಿ, ಹ್ಯಾಂಡಲ್ ಹಿಡಿದವನನ್ನು ಹೊಡೆಯುತ್ತದೆ. ಡ್ರೈವರ್ ಎನಿಸಿಕೊಂಡವನಿಗೆ ಇದು ಗೊತ್ತಿರಲೇಬೇಕು.

ಹತ್ತು ಜನರೆದುರು ಬೈಸಿಕೊಂಡವನು ಪುಟ್ಟಮಾದಯ್ಯ. ನನ್ನ ಕಾಗದ ಕೇಳಿ ಮ್ಯಾಗ್ನೆಟೋಗೆ ಕೈ ಹಾಕಿದವನೂ ಅವನೇ. ಬೇಕೆಂದು ಮಾಡಿದನೋ ಬೇಜವಾಬ್ದಾರಿಯೋ ನಾನು ಹೇಳಲಾರೆ. ಅವನನ್ನು ಬಿಗಿಯಾಗಿ ಕೇಳಬೇಕು. ಗಾಡಿಯನ್ನು ಯಾರೂ ಮುಟ್ಟಬಾರದು. ಈ ಕಾಗದವನ್ನು ದೊಡ್ಡಮಾದಪ್ಪನವರಿಗೂ ತೋರಿಸು.

ವೃಷಭೇಂದ್ರ


ಶಾಗ್ಯ
1–6–1959

ವೃಷಭೇಂದ್ರ,

ತೋರಿಸುವ ಅವಕಾಶವೇ ನನಗಿರಲಿಲ್ಲ. ಅಂಚೆಯವನು ಕಾಗದವನ್ನು ದೊಡ್ಡಭಾವನ ಕೈಗೆ ಕೊಟ್ಟ. ಶನಿವಾರ ಅವರು ಜಗಲಿಯ ಮೇಲೆ ಊರವರನ್ನು ಕೂರಿಸಿಕೊಂಡು ಅದನ್ನು ಎರಡು ಸಲ ಓದಿದರು. ಪುಟ್ಟಮಾದಯ್ಯನನ್ನು ಅಂಗಳದಲ್ಲಿ ನಿಲ್ಲಿಸಿದ್ದರು.

"ನನ್ ತಮ್ಮ ಕೆಂಪನಂಜಪ್ಪನ್ನ ಸಾಯ್ಸಕ್ಕೆ ನೋಡ್ದೇನ್ಲಾ?"

"ಬೆಟ್ಟದ್ ಮಾದಪ್ಪನಾಣೆ ಬುದ್ಧೀ, ನಾ ಅದ್ರ ಬೋಲ್ಟು ಬಿಚ್ನಿಲ್ಲ. ಸುಕ್ರವಾರ ಮದುವನಳ್ಳಿಗೆ ನಮ್ ಮಾವ್ನ ತಿಥಿಗೆ ಓಗಿದ್ದೆ. ಬಂದಿದ್ದೇ ಭಾನ್ವಾರ ಸಂಜೆ."

"ಈ ಕಾಗ್ದ ಬರಕ್ಕೆ ಮುಂಚೆ ಇನ್ನೊಂದ್ ಬಂದಿತ್ತಲ್ಲ, ಅದ್ನ ನಿಂಗೆ ಓದಿ ಏಳವ್ರೆ. ಇದ್ರಲ್ಲೇ ಅದೆ."

"ನಂಗ್ಯಾರೂ ಯಾವ್ ಕಾಗ್ದಾನೂ ಓದ್ನಿಲ್ಲ ಬುದ್ಧಿ. ಅವ್ವಾರ್ನೇ ಕೇಳಿ."

ಎಲ್ಲರೂ ತಲೆಬಾಗಿಲ ಕಡೆ ತಿರುಗಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಾಗೇ ಹಿಂದಕ್ಕೆ ಸರಿದು ಕತ್ತಲಿಗೆ ಹೋದೆ. ನನ್ನ ಮೌನವನ್ನೇ ಅವರು ಉತ್ತರವೆಂದು ತಿಳಿದರು. ಹನೂರಿನ ಸ್ಟೇಷನ್ನಿಗೆ ದೂರು ಹೋಯಿತು, ನಿನ್ನ ಕಾಗದವನ್ನೂ ಜೊತೆಗಿಟ್ಟರು. ನಿನ್ನೆ ಅವನನ್ನು ಕರೆದುಕೊಂಡು ಹೋದರು. ಈಗ ಕೊಳ್ಳೇಗಾಲದ ಜೈಲಿನಲ್ಲಿದ್ದಾನೆ.

ವೃಷಭೇಂದ್ರ, ಮ್ಯಾಗ್ನೆಟೋ ಬಿಚ್ಚಿದವಳು ನಾನು.

ಹದಿನಾರನೇ ತಾರೀಖು ಶನಿವಾರ, ಮಧ್ಯಾಹ್ನ. ಇವರು ಕೊಳ್ಳೇಗಾಲಕ್ಕೆ ಹೋಗಿದ್ದರು, ಪುಟ್ಟಮಾದಯ್ಯ ಊರಲ್ಲಿರಲಿಲ್ಲ. ಸೋಮವಾರ ಹತ್ತಿರವಾಗಿತ್ತು, ಅವನ ಕೆಲಸ ಹೋಗುತ್ತದೆ ಎಂಬ ಸಂಕಟವೂ ಇತ್ತು. ಆದರೆ ನಿನಗೆ ಸುಳ್ಳು ಹೇಳುವುದಿಲ್ಲ, ನನಗೆ ಅದನ್ನು ಬಿಚ್ಚಬೇಕೆಂದು ಆಸೆಯೂ ಇತ್ತು, ಅದಕ್ಕೇ ಗುರುವಾರ ಬಂದ ನಿನ್ನ ಕಾಗದವನ್ನು ಅವನಿಗೆ ಓದಿರಲಿಲ್ಲ. ಯಳಂದೂರಿನಲ್ಲಿ ಅಪ್ಪನ ಸೈಕಲ್ ಅಂಗಡಿಯಲ್ಲಿ ನಾವಿಬ್ಬರೂ ಒಟ್ಟಿಗೇ ಸ್ಪ್ಯಾನರ್ ಹಿಡಿದವರು. ನೀನು ಮುಂದಕ್ಕೆ ಹೋದೆ, ನನ್ನನ್ನು ಇಲ್ಲಿಗೆ ಕೊಟ್ಟರು. ಸ್ಪ್ಯಾನರ್ ಪೆಟ್ಟಿಗೆಯ ಬೀಗದ ಕೈ ನಡುಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಟ್ರಾಕ್ಟರ್ ನಿಲ್ಲಿಸಿದ್ದ ಹಟ್ಟಿಯ ಬಾಗಿಲು ಹಾಕಿಕೊಂಡು ಬಿಚ್ಚಿದೆ. ನೀನು ಬರೆದ ಒಂದೊಂದು ಅಕ್ಷರದಂತೆ ಉಜ್ಜಿದೆ. ಅದರ ಅಚ್ಚನ್ನು ಕೈಯಲ್ಲೇ ತಿರುಗಿಸಿದಾಗ ನೀಲಿ ಕಿಡಿ ಹಾರಿ ನನ್ನ ಮೊಣಕೈಯವರೆಗೆ ಜುಮ್ಮೆಂದಿತು. ಒಬ್ಬಳೇ ನಕ್ಕುಬಿಟ್ಟೆ. ಈ ಮನೆಗೆ ಬಂದ ಮೇಲೆ ಅಷ್ಟು ಸಂತೋಷವಾದದ್ದು ನೆನಪಿಲ್ಲ.

ಮತ್ತೆ ಕೂರಿಸುವಾಗ ಅದು ಅತ್ತಿತ್ತ ಅಲ್ಲಾಡಿತು. ಬಿಗಿಯಾಗಿ ಕೂರಲೆಂದು ಒಂದು ಕಡೆಗೆ ಒತ್ತಿ ಹಿಡಿದು ತಿರುಪಿದೆ. ಅಷ್ಟೇ ನಾನು ಮಾಡಿದ್ದು.

ಇವರು ಬಿದ್ದ ದಿನ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿತ್ತು. ಬೂದಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಮೂರು ದಿನ ಸೆರಗಿನೊಳಗೆ ಕೈ ಇಟ್ಟುಕೊಂಡೇ ಎಲ್ಲರಿಗೂ ಬಡಿಸಿದೆ. ನಿನಗೆ ಬರೆಯುವಾಗಲೂ "ಕೂರಿಸಲಾಯಿತು" ಎಂದೆ. ಯಾರು ಎಂದು ಬರೆಯಲಿಲ್ಲ. ನೀನು ಅವನೇ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಅವನ ಹೆಂಡತಿ ಚಿಕ್ಕತಾಯಮ್ಮ ಹಿತ್ತಿಲಿಗೆ ಬಂದಿದ್ದಳು. "ಅವ್ವಾ, ನಮ್ಮನೆಯವ್ರು ಸುಳ್ಳಾಡೋರಲ್ಲ. ನೀವೊಂದ್ ಮಾತ್ ಏಳುದ್ರೆ ದೊಡ್ಡ್ ಬುದ್ಧಿಯವ್ರು ಕೇಳ್ತಾರೆ" ಎಂದಳು. ನಾನು ಅವಳ ಮಡಿಲಿಗೆ ರಾಗಿ ಹಾಕಿದೆ. ರಾಗಿ ಕೇಳಿಕೊಂಡು ಬಂದವಳಲ್ಲ ಅವಳು.

ಹೇಳಿದರೆ ನನ್ನನ್ನು ಈ ಮನೆಯಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲ. ಗಂಡನ ಕೈ ಮುರಿದವಳು ಎನ್ನುತ್ತಾರೆ. ಬೇಕೆಂದೇ ಮಾಡಿದೆ ಎಂದರೂ ಎಂದಾರು. ಅಪ್ಪ ಇಲ್ಲ, ಹೋಗಲು ತವರಿಲ್ಲ. ಹೇಳಲೇ, ಬೇಡವೇ? ಬೇಗ ಬರೆ.

ಚನ್ನಾಜ


ಹೊಸಪೇಟೆ
5–6–1959

ಅಕ್ಕಾ,

ಓದಿದ ತಕ್ಷಣ ಇದನ್ನು ಒಲೆಗೆ ಹಾಕು. ನಿನ್ನ ಕಾಗದವನ್ನು ನಾನು ಆಗಲೇ ಸುಟ್ಟೆ.

ಹೇಳಬೇಡ. ಯಾರಿಗೂ ಹೇಳಬೇಡ. ಇದರ ಜೊತೆ ಇನ್ನೊಂದು ಕಾಗದವಿದೆ, ಅದನ್ನು ದೊಡ್ಡಮಾದಪ್ಪನವರಿಗೆ ಕೊಡು. ಹಳೆಯ ಗಾಡಿಯಲ್ಲಿ ಅದುರಿ ಅದುರಿ ಬೋಲ್ಟು ಸಡಿಲಾಗಿ ಮ್ಯಾಗ್ನೆಟೋ ತಾನೇ ತಿರುಗುವುದುಂಟು, ನಾನು ಮೊದಲು ಆತುರದಲ್ಲಿ ಬರೆದೆ ಎಂದು ಅದರಲ್ಲಿ ಬರೆದಿದ್ದೇನೆ. ಪುಟ್ಟಮಾದಯ್ಯನೂ ಬಿಡುಗಡೆಯಾಗುತ್ತಾನೆ, ನೀನೂ ಉಳಿಯುತ್ತೀಯೆ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಮ್ಯಾಗ್ನೆಟೋ ಬಿಚ್ಚುವ ಮೊದಲು ಅದರ ಮೇಲೂ ಎಂಜಿನ್ನಿನ ಮೇಲೂ ಸೇರುವಂತೆ ಉಳಿಯಿಂದ ಒಂದು ಗೀರು ಹಾಕಿಕೊಳ್ಳಬೇಕು, ಕೂರಿಸುವಾಗ ಗೀರಿಗೆ ಗೀರು ಕೂಡಬೇಕು. ಹೊಸ ಹುಡುಗರಿಗೆ ನಾವು ಮೊದಲ ದಿನ ಹೇಳಿಕೊಡುವುದೇ ಇದು. ನಾನು ಅದನ್ನು ಬರೆಯಲಿಲ್ಲ. ಪಾಳಿಗೆ ಹೊತ್ತಾಗಿತ್ತು. ಇಪ್ಪತ್ತೈದನೇ ತಾರೀಖು ನಿನಗೆ ಉತ್ತರ ಬರೆಯುವಾಗಲೇ ಅದು ಹೊಳೆದಿತ್ತು. ಹೊಳೆದೂ ಪುಟ್ಟಮಾದಯ್ಯನ ಹೆಸರು ಬರೆದೆ.

ನನಗೆ ಭಯವಾಗುತ್ತಿದೆ ಅಕ್ಕಾ. ದುಡುಕಬೇಡ.

ವೃಷಭೇಂದ್ರ


ಶಾಗ್ಯ
13–6–1959

ವೃಷಭೇಂದ್ರ,

ದೊಡ್ಡಭಾವ ಆಸ್ಪತ್ರೆಯಲ್ಲಿದ್ದರು, ನಿನ್ನ ಕಾಗದ ಬುಧವಾರ ನನ್ನ ಕೈಗೇ ಸಿಕ್ಕಿತು. ಅದು ಬರಲಿ ಎಂದು ನಾನು ಒಂಬತ್ತು ದಿನ ಕಾದೆ. ಆ ಒಂಬತ್ತು ದಿನವೂ ಅವನು ಒಳಗಿದ್ದ.

ನಿನ್ನ ಇನ್ನೊಂದು ಕಾಗದವನ್ನು ಕೊಡಲಿಲ್ಲ. ಬೋಲ್ಟು ಬಿಗಿಯಾಗಿತ್ತೇ ಎಂದು ಸ್ಟೇಷನ್ನಿನಲ್ಲಿ ಕೇಳಿದಾಗ ಪುಟ್ಟಮಾದಯ್ಯನೇ, "ಬಿಗ್ಯಾಗಿತ್ತು ಸಾ, ಬೆಳಿಗ್ಗೆ ನಾನೇ ಮುಟ್ಟಿ ನೋಡಿವ್ನಿ" ಎಂದಿದ್ದಾನಂತೆ. ಸಡಿಲಾಗಿತ್ತು ಎಂದಿದ್ದರೆ ಅವನು ಉಳಿಯುತ್ತಿದ್ದ. ಅವನು ಇದ್ದದ್ದನ್ನು ಹೇಳಿದ. ಈಗ ನಾವು ಸಡಿಲಾಗಿತ್ತು ಎಂದರೆ ಅವನು ಸುಳ್ಳನಾಗುತ್ತಾನೆ, ಜೊತೆಗೆ ಬೋಲ್ಟು ಬಿಗಿಯದ ಡ್ರೈವರೂ ಆಗುತ್ತಾನೆ.

ಗುರುವಾರ ಗಂಜಿ ತೆಗೆದುಕೊಂಡು ಕೊಳ್ಳೇಗಾಲಕ್ಕೆ ಹೋದೆ. ಬಸ್ಸು ಒಂದೊಂದು ಊರಲ್ಲಿ ನಿಂತಾಗಲೂ ಇಳಿದು ವಾಪಸು ಹೋಗಿಬಿಡೋಣ ಎನ್ನಿಸುತ್ತಿತ್ತು. ಧನುರ್ವಾಯುವಿನ ಗಂಡಾಂತರ ಕಳೆದಿದೆ ಎಂದರು ಡಾಕ್ಟರು. ನಿನ್ನ ಭಾವನಿಗೆ ದವಡೆಗೂ ತಲೆಗೂ ಸುತ್ತಿ ಪಟ್ಟಿ ಕಟ್ಟಿದ್ದಾರೆ, ಬಲಗೈ ಹಲಗೆಯ ಮೇಲಿದೆ. ಬೈಯಲೂ ಆಗದು, ಹೊಡೆಯಲೂ ಆಗದು. ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬಾಗಿಲು ಹಾಕಿಕೊಂಡಿದ್ದು, ಕಿಡಿ ನೋಡಿ ನಕ್ಕಿದ್ದು, ಯಾವುದನ್ನೂ ಬಿಡಲಿಲ್ಲ. ಅವರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಅಂಥ ಹೆದರಿಕೆ ನನಗೆ ಹುಟ್ಟಿದಂದಿನಿಂದ ಆಗಿರಲಿಲ್ಲ. ಮುಗಿದ ಮೇಲೆ ಗೋಡೆಯ ಕಡೆ ತಿರುಗಿಕೊಂಡರು. ಆಮೇಲೆ ಕಚ್ಚಿದ ಹಲ್ಲಿನ ನಡುವಿನಿಂದ, "ಅಣ್ಣನ್ ಕರಿ" ಎಂದರು.

ದೊಡ್ಡಭಾವ ಹೊರಗೇ ಇದ್ದರು. ಇವರು ಹೇಳಿದ್ದು ಒಂದೇ ಮಾತು. "ಅವ್ನ ಬುಡ್ಸು."

ದೊಡ್ಡಭಾವ ನನ್ನನ್ನು ಹೊರಗೆ ಕರೆದು ಎಲ್ಲ ಕೇಳಿ, ತಲೆ ಮೇಲೆ ಕೈ ಹೊತ್ತರು. "ಎಂಗ್ಸು ಸ್ಪ್ಯಾನರ್ ಇಡುದ್ಲು ಅಂತ ಊರ್ನೋರ್ಗೆ ಯಾವ್ ಬಾಯ್ನಲ್ಲಿ ಏಳ್ಲಿ? ನೀ ಬಾಯ್ ಮುಚ್ಕಂಡಿರು. ದೂರು ವಾಪಸ್ ತಕತೀನಿ." ನಿನ್ನೆ ಪುಟ್ಟಮಾದಯ್ಯ ಬಿಡುಗಡೆಯಾದ.

ಇವರ ದವಡೆಯ ಪಟ್ಟಿ ಗುರುವಾರ ಬಿಚ್ಚುತ್ತಾರೆ, ಮನೆಗೂ ಕಳಿಸುತ್ತಾರೆ. ಬಾಯಿ ಬಂದ ಮೇಲೆ ಮೊದಲು ಏನನ್ನುತ್ತಾರೋ. ದಿನ ಎಣಿಸುತ್ತಿದ್ದೇನೆ.

ಚನ್ನಾಜ


ಹೊಸಪೇಟೆ
18–6–1959

ಅಕ್ಕಾ,

ಇವತ್ತು ಗುರುವಾರ. ಲೇತಿನ ಮುಂದೆ ನಿಂತರೂ ಕೈ ಓಡುತ್ತಿಲ್ಲ. ಭಾವ ಏನೆಂದರು? ನಿನ್ನ ಮೇಲೆ ಕೈ ಮಾಡಿಲ್ಲ ತಾನೇ? ಜುಲೈ ಒಂದರಿಂದ ಎಂಟು ದಿನ ರಜೆ ಸಿಕ್ಕಿದೆ, ಒಂದಕ್ಕೇ ಬರುತ್ತೇನೆ. ಒಂದು ಸಾಲಾದರೂ ಬರೆ.

ವೃಷಭೇಂದ್ರ


ಶಾಗ್ಯ
25–6–1959

ವೃಷಭೇಂದ್ರ,

ಇವರು ಮನೆಗೆ ಬಂದು ಜಗಲಿಯ ಮೇಲೆ ಕೂತರು. ನಾನು ಕಂಬ ಹಿಡಿದು ನಿಂತಿದ್ದೆ. "ಮುದ್ದೆ ಮೆತ್ತುಗ್ ಮಾಡು" ಎಂದರು. ಅಷ್ಟೇ. ಇವತ್ತಿಗೆ ಏಳು ದಿನ, ಆ ವಿಷಯ ಎತ್ತಿಲ್ಲ. ಎಡಗೈಯಲ್ಲಿ ಉಣ್ಣುತ್ತಾರೆ, ಬಲಗೈ ನೆಟ್ಟಗಾಗುವುದಿಲ್ಲವಂತೆ. ಬೈದಿದ್ದರೆ ಅಳುತ್ತಿದ್ದೆ.

ಊರಲ್ಲಿ ಬೇರೆಯೇ ಮಾತು ಎದ್ದಿತ್ತು. ತಮ್ಮನ ಕೈ ಮುರಿದವನನ್ನೂ ದೊಡ್ಡಮಾದಪ್ಪನವರು ಕ್ಷಮಿಸಿ ಬಿಡಿಸಿದರು, ಎಂಥ ದೊಡ್ಡ ಮನಸ್ಸು ಎಂದು ಬಾವಿಯ ಹತ್ತಿರ ಹೊಗಳುತ್ತಿದ್ದರು. ದೊಡ್ಡಭಾವ ಇಲ್ಲ ಎನ್ನಲಿಲ್ಲ. ಪುಟ್ಟಮಾದಯ್ಯನಿಗೆ ಯಾರೂ ಕೂಲಿಗೂ ಕರೆಯುತ್ತಿರಲಿಲ್ಲ, ಚಿಕ್ಕತಾಯಮ್ಮನ ಬಿಂದಿಗೆ ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ಬಾವಿಯ ಹತ್ತಿರವೇ ಹೇಳಿದೆ. "ಟ್ರಾಕ್ಟರ್ ಬಿಚ್ಚಿದ್ದು ನಾನು. ಅವ್ನು ಬಿಚ್ನೇ ಇಲ್ಲ. ಗೊತ್ತಿದ್ದೂ ನಾನು ಸುಮ್ಕಿದ್ದೆ." ಹಗ್ಗ ಸೇದುತ್ತಿದ್ದವರು ಹಾಗೇ ನಿಂತರು. ಅಲ್ಲಿಂದ ನೇರ ಕೆಳಗೇರಿಗೆ ಹೋಗಿ ಅವನ ಮನೆಯ ಮುಂದೆ ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ದೊಡ್ಡಭಾವ ನನ್ನ ಕೈಯ ನೀರು ಮುಟ್ಟುತ್ತಿಲ್ಲ.

ಮರುದಿನ ಪುಟ್ಟಮಾದಯ್ಯ ತಾನಾಗಿ ಬಂದ. ಎರಡು ಬೋಲ್ಟು ಸಡಿಲಿಸಿ, ಹ್ಯಾಂಡಲನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸಿ ಕಿವಿಗೊಟ್ಟು, ಮ್ಯಾಗ್ನೆಟೋವನ್ನು ಜರುಗಿಸಿ ಬಿಗಿದ. ತಾನೇ ಹ್ಯಾಂಡಲ್ ಹಿಡಿದ. ನಾನು ಕಣ್ಣು ಮುಚ್ಚಿಕೊಂಡೆ. ಎರಡನೇ ಸುತ್ತಿಗೇ ಹತ್ತಿಕೊಂಡಿತು. ಇಡೀ ದಿನ ಹೊಲ ಉತ್ತು, ಸಂಜೆ ಗಾಡಿ ತಂದು ನಿಲ್ಲಿಸಿ, ಸತ್ಯಮಂಗಲದಲ್ಲಿ ಲಾರಿ ಕೆಲಸ ಸಿಕ್ಕಿದೆ, ನಾಳೆ ಹೋಗುತ್ತೇನೆ ಎಂದ.

"ಇಲ್ಲೇ ಇರು ಪುಟ್ಟಮಾದಯ್ಯ. ತಪ್ಪು ನಂದು ಅಂತ ಎಲ್ರಿಗೂ ಏಳಿವ್ನಿ" ಎಂದೆ.

"ಸಿಟ್ಟಿಲ್ಲ ಕಣ್ರವ್ವಾ. ಆದ್ರೆ ಇನ್ಮೇಲೆ ಈ ಅಟ್ಟೀಲಿ ಏನ್ ಕೆಟ್ರೂ ಮೊದ್ಲು ನನ್ ಮಕ ನೋಡ್ತಾರೆ. ಅದ ನೋಡ್ಕಂಡು ಇರಕ್ಕಾಗಕಿಲ್ಲ."

ನಿನ್ನೆ ಬೆಳಗಿನ ಬಸ್ಸಿಗೆ ಹೋದ. ಚಿಕ್ಕತಾಯಮ್ಮ ಇನ್ನೂ ಇಲ್ಲೇ ಇದ್ದಾಳೆ, ಅವನು ಮನೆ ನೋಡಿಕೊಂಡ ಮೇಲೆ ಹೋಗುವವಳು.

ಜುಲೈ ಒಂದಕ್ಕೆ ಬರುತ್ತೇನೆ ಎಂದಿದ್ದೀಯೆ. ಬಾ. ಹನೂರಿನಲ್ಲಿ ಇಳಿದವನು ಮೊದಲು ನಮ್ಮ ಮನೆಗೆ ಬರಬೇಡ. ಕೆಳಗೇರಿಗೆ ಹೋಗಿ, ಆ ಕಾಗದದಲ್ಲಿ ಅವನ ಹೆಸರು ಬರೆದವನು ನಾನು ಎಂದು ಚಿಕ್ಕತಾಯಮ್ಮನಿಗೆ ಹೇಳು. ಆಮೇಲೆ ಊಟಕ್ಕೆ ಬಾ.

ಚನ್ನಾಜ